ಗುಡ್ಡ, ಹುಲ್ಲು, ಬಾಯಾರಿಕೆ: ‘ದ ಥಿನ್ ರೆಡ್ ಲೈನ್’ ನೋಡುತ್ತಾ ಓದಿದ ಇತಿಹಾಸ

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ‘ದ ಥಿನ್ ರೆಡ್ ಲೈನ್’ ಸಿನೆಮಾವನ್ನು ಮೊದಲ ಸಲ ನೋಡಿದಾಗ ನಾನು ಮುಕ್ಕಾಲು ಗಂಟೆಗೇ ಎದ್ದು ಹೋಗಿದ್ದೆ.

ಇಂಜಿನಿಯರಿಂಗ್ ಮೂರನೇ ವರ್ಷ, ಇಂಟರ್ನಲ್ಸ್ ಮುಗಿದ ರಾತ್ರಿ. ಯಾರದೋ ಹಾರ್ಡ್ ಡಿಸ್ಕಿನಲ್ಲಿ ‘ವಾರ್’ ಅನ್ನುವ ಒಂದು ಫೋಲ್ಡರ್ ಸಿಕ್ಕಿತ್ತು. ಹಿಂದಿನ ವಾರ ಅದೇ ಫೋಲ್ಡರಿನಿಂದ ‘ಸೇವಿಂಗ್ ಪ್ರೈವೇಟ್ ರಯಾನ್’ ನೋಡಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದೆವು. ಇದೂ ಹಾಗೇ ಇರುತ್ತೆ ಅಂತ ಆರು ಜನ ಒಂದು ಲ್ಯಾಪ್‌ಟಾಪ್ ಮುಂದೆ ಕೂತೆವು. ನೋಡಿದರೆ... ಒಂದು ಮೊಸಳೆ ನಿಧಾನವಾಗಿ ಹಸಿರು ನೀರಿಗೆ ಇಳಿಯುತ್ತೆ. ಮರಗಳು. ಎಲೆಗಳ ಸಂದಿಯಲ್ಲಿ ಬೆಳಕು. ಯಾರೋ ಒಬ್ಬ ಹಿನ್ನೆಲೆಯಲ್ಲಿ ಪ್ರಕೃತಿಯ ಬಗ್ಗೆ ಗುನುಗುತ್ತಿದ್ದಾನೆ. ಗುಂಡಿಲ್ಲ, ಗಲಾಟೆಯಿಲ್ಲ. “ಇದೇನ್ ಮಾರಾಯಾ, ಡಿಸ್ಕವರಿ ಚಾನೆಲ್ಲಾ?” ಅಂದವನು ನಾನೇ. ಎದ್ದು ಹೋಗಿ ಪಕ್ಕದ ರೂಮಿನಲ್ಲಿ ಎರಡನೇ ಮಹಾಯುದ್ಧದ ಸ್ಟ್ರಾಟೆಜಿ ಗೇಮ್ ಆಡುತ್ತಾ ಕೂತೆ. ಕೊನೆಯವರೆಗೂ ಕೂತು ನೋಡಿದವನು ನನ್ನ ರೂಮ್‌ಮೇಟ್ ಒಬ್ಬನೇ. ಹಾಸನದ ಕಡೆಯ ಹುಡುಗ, ಮಾತು ಕಡಿಮೆ. ಡಿಗ್ರಿ ಮುಗಿದ ಮೇಲೆ ನಾವೆಲ್ಲ ಬೆಂಗಳೂರಿನ ಕಂಪನಿಗಳಿಗೆ ಸೇರಿದೆವು, ಅವನು ಸೈನ್ಯಕ್ಕೆ ಸೇರಿದ.

ಕೆಲವು ವರ್ಷಗಳ ನಂತರ, ಗಡಿಯಲ್ಲಿ ಬಿಸಿ ಏರಿದ್ದ ಒಂದು ವಾರ. ಟಿವಿಯಲ್ಲಿ ರಾತ್ರಿಯಿಡೀ ನಕಾಶೆ, ಕೆಂಪು ಬಾಣ, ನೀಲಿ ಬಾಣ. ನನ್ನೊಳಗಿನ ಹಳೆಯ ಗೇಮ್ ಆಟಗಾರ ಎದ್ದು ಕೂತಿದ್ದ. ಯಾವ ಕಡೆಯಿಂದ ನುಗ್ಗಬೇಕು, ಯಾವ ಶಿಖರ ಹಿಡಿದರೆ ಏನು ಲಾಭ ಅಂತೆಲ್ಲ ಬರೆದು, ಬಾಣ ಹಾಕಿದ ಚಿತ್ರಗಳ ಸಮೇತ ಅವನಿಗೆ ಉದ್ದುದ್ದ ಮೆಸೇಜ್ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಒಂದೇ ಸಾಲು ಬಂತು: “ನಿದ್ದೆ ಆಗಿಲ್ಲ ಕಣೋ, ಆಮೇಲೆ ಮಾತಾಡ್ತೀನಿ.”

ಅಷ್ಟೇ. ಅವನು ಬೈದಿರಲಿಲ್ಲ, ಆದರೂ ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಕಳಿಸಿದ್ದ ಬಾಣದ ತುದಿಯಲ್ಲಿ ನಿದ್ದೆಗೆಟ್ಟು ಕೂತಿರುವವನು ಅವನು! ಆ ಶನಿವಾರ ಯಾಕೋ ಆ ಸಿನೆಮಾ ನೆನಪಾಯಿತು. ಹುಡುಕಿ, ಈ ಸಲ ಫೋನ್ ಬದಿಗಿಟ್ಟು, ಪೂರ್ತಿ 170 ನಿಮಿಷ ನೋಡಿದೆ. ನೋಡಿ ಮುಗಿಸಿದ ಮೇಲೆ ಅದರ ಹಿಂದಿನ ಇತಿಹಾಸ ಓದಲು ಹೊರಟೆ. ಓದುತ್ತಾ ಹೋದ ಹಾಗೆ ಒಂದು ವಿಚಾರ ಗಟ್ಟಿಯಾಯಿತು. ಈ ಸಿನೆಮಾವನ್ನು ಎಲ್ಲರೂ ‘ಕಾವ್ಯ’ ಅಂತ ಹೊಗಳುತ್ತಾರೆ, ಇಲ್ಲವೇ ‘ಕಾವ್ಯ’ ಅಂತಲೇ ಬೈಯುತ್ತಾರೆ. ಇತಿಹಾಸವನ್ನು ಬದಿಗಿಟ್ಟು ಹೂವು ಹಕ್ಕಿ ತೋರಿಸಿದ್ದಾನೆ ಅನ್ನುವುದು ದೂರು. ನನಗನ್ನಿಸುವುದು ಇದಕ್ಕೆ ವಿರುದ್ಧ. ಅವನು ಬಿಟ್ಟಿರುವುದು ನಕಾಶೆಯನ್ನು ಮಾತ್ರ, ಇತಿಹಾಸವನ್ನಲ್ಲ.

ಮೊದಲು ನಕಾಶೆ ನೋಡಿಬಿಡೋಣ. ನನಗಂತೂ ಅದಿಲ್ಲದೆ ಸಮಾಧಾನವಿಲ್ಲ!

*

ಆಸ್ಟ್ರೇಲಿಯಾದ ಈಶಾನ್ಯಕ್ಕೆ, ಪೆಸಿಫಿಕ್ ಸಾಗರದಲ್ಲಿ ಸಾಲೊಮನ್ ದ್ವೀಪಗಳ ಒಂದು ಸರಣಿ ಇದೆ. ಅದರಲ್ಲಿ ಒಂದು ಗ್ವಾಡಲ್‌ಕನಾಲ್. ಉದ್ದ ಸುಮಾರು 150 ಕಿಲೋಮೀಟರ್. ಆಗ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಉದ್ದಕ್ಕೂ ತೆಂಗಿನ ತೋಟ, ದಟ್ಟ ಕಾಡು, ಎತ್ತರದ ಹುಲ್ಲು ಬೆಳೆದ ಬೋಳು ಗುಡ್ಡಗಳು, ಮಲೇರಿಯಾ. 1942ರ ಬೇಸಿಗೆಯಲ್ಲಿ ಜಪಾನೀಯರು ಅಲ್ಲಿ ಒಂದು ವಿಮಾನ ನಿಲ್ದಾಣ ಕಟ್ಟಲು ಶುರು ಮಾಡಿದರು. ಅದು ಪೂರ್ತಿಯಾದರೆ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗುಗಳ ದಾರಿಗೆ ಕುತ್ತು. ಹಾಗಾಗಿ 1942ರ ಆಗಸ್ಟ್ 7ರಂದು ಅಮೆರಿಕದ ಒಂದನೇ ಮೆರೀನ್ ಡಿವಿಜನ್ ಅಲ್ಲಿ ಇಳಿಯಿತು. ಮರುದಿನವೇ ನಿಲ್ದಾಣ ಅವರ ಕೈಗೆ ಬಂತು. ಅದಕ್ಕೆ ಮಿಡ್‌ವೇ ಕಾಳಗದಲ್ಲಿ ಸತ್ತ ಒಬ್ಬ ಪೈಲಟ್‌ನ ನೆನಪಿಗೆ ಹೆಂಡರ್ಸನ್ ಫೀಲ್ಡ್ ಅಂತ ಹೆಸರಿಟ್ಟರು.

ಹಿಡಿಯುವುದು ಸುಲಭವಾಯಿತು, ಉಳಿಸಿಕೊಳ್ಳುವುದು ಆರು ತಿಂಗಳ ಕೆಲಸವಾಯಿತು. ಆಗಸ್ಟ್ 8ರ ರಾತ್ರಿ ಸಾವೋ ದ್ವೀಪದ ಹತ್ತಿರ ಜಪಾನಿನ ನೌಕಾಪಡೆ ಕತ್ತಲಲ್ಲಿ ಬಂದು ನಾಲ್ಕು ದೊಡ್ಡ ಕ್ರೂಸರ್ ಹಡಗುಗಳನ್ನು ಮುಳುಗಿಸಿತು. ಮೂರು ಅಮೆರಿಕದ್ದು, ಒಂದು ಆಸ್ಟ್ರೇಲಿಯಾದ್ದು. ಒಂದೇ ರಾತ್ರಿಯಲ್ಲಿ ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಮುಂದಿನ ತಿಂಗಳುಗಳಲ್ಲಿ ಅಲ್ಲಿ ಎಷ್ಟು ಹಡಗುಗಳು ಮುಳುಗಿದವೆಂದರೆ, ಆ ಕಡಲಿಗೆ ‘ಐರನ್‌ಬಾಟಮ್ ಸೌಂಡ್’ ಅನ್ನುವ ಹೆಸರೇ ಬಂತು. ತಳವೆಲ್ಲ ಕಬ್ಬಿಣ!

ಹಗಲು ಹೊತ್ತು ಆಕಾಶ ಅಮೆರಿಕದ ವಿಮಾನಗಳದ್ದು. ಹಾಗಾಗಿ ಜಪಾನೀಯರು ರಾತ್ರಿ ಹೊತ್ತು ವೇಗದ ಡಿಸ್ಟ್ರಾಯರ್ ಹಡಗುಗಳಲ್ಲಿ ಸೈನಿಕರನ್ನು, ಅಕ್ಕಿಯನ್ನು ತಂದು ಇಳಿಸಿ ಬೆಳಗಾಗುವ ಮೊದಲು ಓಡಬೇಕಿತ್ತು. ಇಂಥ ಹಡಗುಗಳಲ್ಲಿ ಸೈನಿಕರನ್ನು ತರಬಹುದು, ಅವರಿಗೆ ಬೇಕಾದಷ್ಟು ಅನ್ನ ತರುವುದು ಕಷ್ಟ. ಕೊನೆಕೊನೆಗೆ ಡ್ರಮ್ಮುಗಳಲ್ಲಿ ಅಕ್ಕಿ ತುಂಬಿ ಕಡಲಿಗೆ ಎಸೆದು ಹೋಗುತ್ತಿದ್ದರು, ದಡಕ್ಕೆ ಬಂದಷ್ಟು ಬಂತು. ಜಪಾನೀ ಸೈನಿಕರು ಆ ದ್ವೀಪವನ್ನು ‘ಗಾತೋ’ ಅಂತ ಕರೆದರು. ‘ಗಾ’ ಅಂದರೆ ಗ್ವಾಡಲ್‌ಕನಾಲಿನ ಮೊದಲ ಅಕ್ಷರವೂ ಹೌದು, ಅವರ ಭಾಷೆಯಲ್ಲಿ ಹಸಿವು ಅನ್ನುವ ಅರ್ಥವೂ ಹೌದು. ಹಸಿವಿನ ದ್ವೀಪ. ಅಲ್ಲಿದ್ದ ಒಬ್ಬ ಜಪಾನೀ ಅಧಿಕಾರಿಯ ಡೈರಿಯಲ್ಲಿ ಒಂದು ಲೆಕ್ಕವೇ ಇದೆ: ಎದ್ದು ನಿಲ್ಲಬಲ್ಲವನು ಇನ್ನೆಷ್ಟು ದಿನ ಬದುಕುತ್ತಾನೆ, ಕೂರಲು ಮಾತ್ರ ಆಗುವವನು ಎಷ್ಟು ದಿನ, ಮಾತು ನಿಂತವನು ಎಷ್ಟು ದಿನ ಅಂತ.

1942ರ ಡಿಸೆಂಬರಿನಲ್ಲಿ ದಣಿದ ಮೆರೀನುಗಳನ್ನು ವಾಪಸ್ ಕಳಿಸಿ ಅವರ ಜಾಗಕ್ಕೆ ಭೂಸೇನೆಯನ್ನು ತಂದರು. ಅದರಲ್ಲಿ ಹವಾಯಿಯಿಂದ ಬಂದ 25ನೇ ಡಿವಿಜನ್ ಒಂದು. ಅದರ 27ನೇ ರೆಜಿಮೆಂಟಿಗೆ 1943ರ ಜನವರಿ 10ರಂದು ಒಂದು ಗುಡ್ಡದ ಸಾಲನ್ನು ಹಿಡಿಯುವ ಕೆಲಸ ಬಂತು. ವಿಮಾನದಿಂದ ತೆಗೆದ ಫೋಟೋದಲ್ಲಿ ಆ ಸಾಲು ಓಡುವ ಕುದುರೆಯ ಹಾಗೆ ಕಾಣುತ್ತಿತ್ತಂತೆ. ಹಾಗಾಗಿ ಅದಕ್ಕೆ ‘ಗ್ಯಾಲಪಿಂಗ್ ಹಾರ್ಸ್’ ಅಂತ ಹೆಸರು. ಮೇಲಿನಿಂದ ನೋಡಿದವರಿಗೆ ಕುದುರೆ. ಕೆಳಗೆ ಹುಲ್ಲಿನಲ್ಲಿ ತೆವಳುತ್ತಿದ್ದವನಿಗೆ ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ. ಮುಖಕ್ಕೆ ತಾಗುವ ಹುಲ್ಲು, ನೆತ್ತಿ ಸುಡುವ ಬಿಸಿಲು, ಮೇಲೆಲ್ಲೋ ಕಾಣದ ಮೆಷಿನ್ ಗನ್. ಕುಡಿಯುವ ನೀರು ಸಾಲದೆ ದಾಳಿಯೇ ಕುಂಟಿತು.

ಆ ಹುಲ್ಲಿನಲ್ಲಿ ತೆವಳಿದವರಲ್ಲಿ 21 ವರ್ಷದ ಒಬ್ಬ ಹುಡುಗನಿದ್ದ. ಹೆಸರು ಜೇಮ್ಸ್ ಜೋನ್ಸ್.

*

ಜೋನ್ಸ್ ಇಲಿನಾಯ್ ರಾಜ್ಯದ ರಾಬಿನ್ಸನ್ ಅನ್ನುವ ಸಣ್ಣ ಊರಿನವನು. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ದಿನ ಹವಾಯಿಯ ಬ್ಯಾರಕ್ಕಿನಲ್ಲೇ ಇದ್ದ. ಗ್ವಾಡಲ್‌ಕನಾಲಿನಲ್ಲಿ ಮೋರ್ಟರ್ ಶೆಲ್ಲಿನ ಚೂರು ತಲೆಗೆ ತಾಗಿ ಗಾಯವಾಯಿತು. ಅಲ್ಲಿಯೇ ಒಬ್ಬ ಜಪಾನೀ ಸೈನಿಕನನ್ನು ಕೈಕೈ ಮಿಲಾಯಿಸಿ ಕೊಂದ. ಆ ನೆನಪು ಅವನನ್ನು ಬಿಡಲಿಲ್ಲ. ಮುಂದೆ ಅದು ಅವನ ಕಾದಂಬರಿಯಲ್ಲಿ ಒಬ್ಬ ಹುಡುಗನ ಕತೆಯಾಗಿ ಬಂತು. ಕಾಡಿನಂಚಿನಲ್ಲಿ ಬಹಿರ್ದೆಸೆಗೆ ಕೂತಿದ್ದಾಗ ಎದುರಾದ ಶತ್ರುವನ್ನು ಕೊಲ್ಲುವ ಹುಡುಗ ಅವನು. ವೀರಗಾಥೆಯ ಯಾವ ಲಕ್ಷಣವೂ ಇಲ್ಲದ ಸನ್ನಿವೇಶ.

ಯುದ್ಧದ ಬಗ್ಗೆ ಅವನು ಮೂರು ಕಾದಂಬರಿ ಬರೆದ. 1951ರ ‘ಫ್ರಮ್ ಹಿಯರ್ ಟು ಎಟರ್ನಿಟಿ’, 1962ರ ‘ದ ಥಿನ್ ರೆಡ್ ಲೈನ್’, ಅವನು 1977ರಲ್ಲಿ ತೀರಿಕೊಂಡ ಮೇಲೆ 1978ರಲ್ಲಿ ಬಂದ ‘ವಿಸಲ್’. ಇದರಲ್ಲಿ ಒಂದು ಮಜಾ ಇದೆ. ಮೊದಲ ಕಾದಂಬರಿಯ ಮುಖ್ಯ ಪಾತ್ರ ಪ್ರೂಇಟ್ ಕೊನೆಯಲ್ಲಿ ಸಾಯುತ್ತಾನೆ. ಆದರೆ ಮುಂದಿನ ಎರಡು ಪುಸ್ತಕಗಳಿಗೂ ಜೋನ್ಸ್‌ಗೆ ಅದೇ ಮನುಷ್ಯ ಬೇಕಿತ್ತು. ಏನು ಮಾಡಿದ ಅಂದರೆ, ಹೆಸರು ಬದಲಾಯಿಸಿ ಅವನನ್ನು ಮತ್ತೆ ಹುಟ್ಟಿಸಿದ. ಪ್ರೂಇಟ್ ಎರಡನೆಯದರಲ್ಲಿ ವಿಟ್ ಆದ, ಮೂರನೆಯದರಲ್ಲಿ ಪ್ರೆಲ್ ಆದ. ಸಾರ್ಜೆಂಟ್ ವಾರ್ಡನ್ ಹಾಗೆಯೇ ವೆಲ್ಷ್ ಆಗಿ, ಆಮೇಲೆ ವಿಂಚ್ ಆದ. ನಮ್ಮಲ್ಲಿ ಇದಕ್ಕೆ ಪುನರ್ಜನ್ಮ ಅನ್ನುತ್ತಾರೆ, ಅವನು ಕಾದಂಬರಿಯ ಅನುಕೂಲಕ್ಕೆ ಮಾಡಿಕೊಂಡ. ಆದರೆ ಸಿನೆಮಾದಲ್ಲಿ ಯಾರ ಧ್ವನಿ ಯಾರದೋ ಅಂತ ತಿಳಿಯದ ಹಾಗೆ ಎಲ್ಲರೂ ಒಬ್ಬನೇ ಮನುಷ್ಯನ ತುಂಡುಗಳಂತೆ ಮಾತಾಡುತ್ತಾರಲ್ಲ, ಅದರ ಬೀಜ ಇಲ್ಲೇ ಇರಬಹುದು ಅಂತ ನನಗನ್ನಿಸಿದೆ.

ಕಾದಂಬರಿಯಲ್ಲಿ ಆ ಗುಡ್ಡಕ್ಕೆ ‘ಕುಣಿಯುವ ಆನೆ’ ಅಂತ ಹೆಸರು. ಕುದುರೆ ಹೋಗಿ ಆನೆ ಬಂತು! ಅದರ ಬಂಕರನ್ನು ಕೆಲವೇ ಜನರ ಒಂದು ತಂಡ ಹೋಗಿ ಹಿಡಿಯುವ ಘಟನೆ ಬರುತ್ತದೆ. ಇದಕ್ಕೆ ಹತ್ತಿರದ ಸಂಗತಿ ನಿಜವಾಗಿಯೂ ನಡೆದಿದೆ. ಜನವರಿ 13ರಂದು ಕ್ಯಾಪ್ಟನ್ ಚಾರ್ಲ್ಸ್ ಡೇವಿಸ್ ಅನ್ನುವವರು ಸಣ್ಣ ತಂಡದೊಂದಿಗೆ ಜಪಾನೀಯರ ನೆಲೆಯ ಮೇಲೆ ನುಗ್ಗಿದರು. ಮೊದಲ ಗುಂಡಿಗೇ ಅವರ ರೈಫಲ್ ಕೆಟ್ಟಿತು. ಅದನ್ನು ಬಿಸಾಕಿ ಪಿಸ್ತೂಲು ಹಿಡಿದು ಮುನ್ನಡೆದರು. ಅವರಿಗೆ ಅಮೆರಿಕದ ಅತ್ಯುನ್ನತ ಪದಕ ಮೆಡಲ್ ಆಫ್ ಆನರ್ ಬಂತು. ಸಿನೆಮಾದಲ್ಲಿ ಜಾನ್ ಕ್ಯೂಸಾಕ್ ಮಾಡಿರುವ ಕ್ಯಾಪ್ಟನ್ ಗ್ಯಾಫ್ ಪಾತ್ರ ನೋಡಿದರೆ ಈ ಘಟನೆ ನೆನಪಾಗದೆ ಇರದು.

*

ಇಂಥ ಪುಸ್ತಕವನ್ನು ಕೈಗೆತ್ತಿಕೊಂಡವನು ಟೆರೆನ್ಸ್ ಮ್ಯಾಲಿಕ್. ಹಾರ್ವರ್ಡಿನಲ್ಲಿ ತತ್ವಶಾಸ್ತ್ರ ಓದಿದವನು, ಹೈಡೆಗರ್‌ನ ಒಂದು ಪುಸ್ತಕವನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿ 1969ರಲ್ಲಿ ಪ್ರಕಟಿಸಿದವನು. 1973ರಲ್ಲಿ ‘ಬ್ಯಾಡ್‌ಲ್ಯಾಂಡ್ಸ್’, 1978ರಲ್ಲಿ ‘ಡೇಸ್ ಆಫ್ ಹೆವನ್’ ಮಾಡಿ, ಎಲ್ಲರೂ ಭೇಷ್ ಅನ್ನುತ್ತಿದ್ದಾಗಲೇ ಸುಮ್ಮನಾಗಿಬಿಟ್ಟ. ಇಪ್ಪತ್ತು ವರ್ಷ ಒಂದೂ ಸಿನೆಮಾ ಇಲ್ಲ. ಹಾಗಾಗಿ ಅವನು ಮತ್ತೆ ಸಿನೆಮಾ ಮಾಡುತ್ತಾನೆ ಅಂದಾಗ ಹಾಲಿವುಡ್ಡಿನ ನಟರೆಲ್ಲ ಸಾಲುಗಟ್ಟಿದರು.

ಚಿತ್ರೀಕರಣ ನಡೆದದ್ದು ಬಹುಪಾಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಸ್ವಲ್ಪ ಭಾಗ ಸಾಲೊಮನ್ ದ್ವೀಪಗಳಲ್ಲಿ. ಮೊದಲ ಎಡಿಟಿಂಗಿನಲ್ಲಿ ಸಿನೆಮಾ ಸುಮಾರು ಐದು ಗಂಟೆ ಇತ್ತಂತೆ. ಅದನ್ನು ಇಳಿಸುವಾಗ ಮ್ಯಾಲಿಕ್ ನಿರ್ದಯಿಯಾದ. ಮಿಕಿ ರೂರ್ಕ್, ಬಿಲ್ ಪುಲ್‌ಮನ್ ಥರದ ನಟರ ಪಾತ್ರಗಳೇ ಮಾಯ. ಚಿತ್ರಕತೆಯಲ್ಲಿ ಮುಖ್ಯ ಪಾತ್ರ ಆಗಿದ್ದ ಫೈಫ್ ಪಾತ್ರಧಾರಿ ಏಡ್ರಿಯನ್ ಬ್ರೋಡಿ ಸಿನೆಮಾ ನೋಡಲು ಹೋದಾಗ ತೆರೆಯ ಮೇಲೆ ತಾನು ಕೆಲವೇ ನಿಮಿಷ ಇದ್ದೇನೆ ಅಂತ ಗೊತ್ತಾಯಿತು. ಪಾಪ! (ಅವನಿಗೆ 2003ರಲ್ಲಿ ಬೇರೆ ಸಿನೆಮಾಕ್ಕೆ ಆಸ್ಕರ್ ಬಂತು, ಆದ್ದರಿಂದ ನಾವು ತೀರಾ ದುಃಖ ಪಡಬೇಕಾಗಿಲ್ಲ.)

1998ರ ಕೊನೆಯಲ್ಲಿ ಸಿನೆಮಾ ಬಿಡುಗಡೆಯಾಯಿತು. ಅದೇ ವರ್ಷ ಜುಲೈನಲ್ಲಿ ಸ್ಪೀಲ್‌ಬರ್ಗ್‌ನ ‘ಸೇವಿಂಗ್ ಪ್ರೈವೇಟ್ ರಯಾನ್’ ಬಂದಿತ್ತು. ಆಸ್ಕರಿನಲ್ಲಿ ರಯಾನ್‌ಗೆ ಐದು ಪ್ರಶಸ್ತಿ. ಥಿನ್ ರೆಡ್ ಲೈನ್‌ಗೆ ಏಳು ನಾಮಕರಣ, ಪ್ರಶಸ್ತಿ ಸೊನ್ನೆ. 1999ರ ಬರ್ಲಿನ್ ಚಿತ್ರೋತ್ಸವದಲ್ಲಿ ಮಾತ್ರ ಅದಕ್ಕೆ ಚಿನ್ನದ ಕರಡಿ ಸಿಕ್ಕಿತು. ರಯಾನ್ ಕೆಟ್ಟ ಸಿನೆಮಾ ಅಂತ ನಾನು ಹೇಳುತ್ತಿಲ್ಲ, ನನಗೆ ಇವತ್ತಿಗೂ ಇಷ್ಟ. ಆದರೆ ಅಲ್ಲಿ ಒಂದು ಗುರಿ ಇದೆ: ಒಬ್ಬ ಹುಡುಗನನ್ನು ಹುಡುಕಿ ಮನೆಗೆ ಕಳಿಸಬೇಕು. ಎಷ್ಟೇ ರಕ್ತ ಹರಿದರೂ ಯಾಕೆ ಹರಿಯುತ್ತಿದೆ ಅಂತ ನಮಗೆ ಗೊತ್ತಿರುತ್ತದೆ. ಇಲ್ಲಿ ಅದೇ ಗೊತ್ತಾಗುವುದಿಲ್ಲ. ಹಾಸ್ಟೆಲಿನಲ್ಲಿ ನನಗೆ ಬೇಜಾರು ಬರಿಸಿದ್ದು ಅದೇ.

*

ಈಗ ಇತಿಹಾಸ ಓದಿದ ಕಣ್ಣಿನಿಂದ ಕೆಲವು ದೃಶ್ಯ ನೋಡೋಣ.

ಸೈನಿಕರು ದೋಣಿಗಳಲ್ಲಿ ದಡಕ್ಕೆ ಬರುತ್ತಾರೆ. ಮುಖದಲ್ಲಿ ಸಾವಿನ ಭಯ, ಒಬ್ಬನಿಗೆ ಹೊಟ್ಟೆ ತೊಳಸುತ್ತಿದೆ. ಇಳಿದು ಓಡುತ್ತಾರೆ... ಏನೂ ಇಲ್ಲ! ಒಂದು ಗುಂಡೂ ಹಾರುವುದಿಲ್ಲ. ಕಾಡಿನೊಳಗೆ ನಡೆಯುವಾಗ ಎದುರಿಗೆ ಒಬ್ಬ ದ್ವೀಪವಾಸಿ ಮುದುಕ ಬರುತ್ತಾನೆ. ಇಷ್ಟು ಜನ ಬಂದೂಕು ಹಿಡಿದು ಬರುತ್ತಿದ್ದರೂ ಅವರ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ತಾನು ದಾಟಿ ಹೋಗುತ್ತಾನೆ. ಮೊದಲ ಸಲ ಇದೆಲ್ಲ ನಿರ್ದೇಶಕನ ತಮಾಷೆ ಅಂದುಕೊಂಡಿದ್ದೆ. ಗ್ವಾಡಲ್‌ಕನಾಲಿನಲ್ಲಿ ಮೆರೀನುಗಳು ಮೊದಲ ದಿನ ಇಳಿದಾಗಲೂ ದಡದಲ್ಲಿ ಪ್ರತಿರೋಧ ಇರಲಿಲ್ಲ ಅಂತ ಆಮೇಲೆ ಓದಿದೆ.

ಆಮೇಲೆ ಗುಡ್ಡ. ಲೆಫ್ಟಿನೆಂಟ್ ಇಬ್ಬರು ಹುಡುಗರಿಗೆ ಮುಂದೆ ಹೋಗಿ ಅಂತ ಕೈಸನ್ನೆ ಮಾಡುತ್ತಾನೆ. ಅವರು ಏಳುತ್ತಾರೆ, ನಾಲ್ಕು ಹೆಜ್ಜೆ, ಎರಡು ಸದ್ದು, ಬೀಳುತ್ತಾರೆ. ಹುಲ್ಲು ಅವರನ್ನು ಮುಚ್ಚಿಬಿಡುತ್ತದೆ. ಆಗ ಮೋಡ ಸರಿದು ಬಿಸಿಲು ಇಡೀ ಗುಡ್ಡದ ಮೇಲೆ ಹರಡುತ್ತದೆ. ಇದನ್ನು ‘ಸುಂದರ ದೃಶ್ಯ’ ಅಂತ ಬರೆದವರಿದ್ದಾರೆ. ನನಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯಿತು. ಆ ಬಿಸಿಲಿಗೆ ಇವರು ಸತ್ತದ್ದು ಗೊತ್ತೇ ಇಲ್ಲ. ಬೇಕಂತ ಕ್ರೂರವೂ ಅಲ್ಲ, ಕರುಣೆಯೂ ಇಲ್ಲ.

ಕರ್ನಲ್ ಟಾಲ್ ಪಾತ್ರ ನಿಕ್ ನೋಲ್ಟಿಯದ್ದು. ವರ್ಷಗಟ್ಟಲೆ ಬಡ್ತಿಗೆ ಕಾದು ಕಾದು ಹಣ್ಣಾದವನು, ಇದೇ ಅವನ ಮೊದಲ ನಿಜವಾದ ಯುದ್ಧ. ಫೋನಿನಲ್ಲಿ ಕಿರುಚುತ್ತಾನೆ, ನೇರ ನುಗ್ಗಿ ಅಂತ. ಕೆಳಗೆ ಕ್ಯಾಪ್ಟನ್ ಸ್ಟಾರೋಸ್ (ಕಾದಂಬರಿಯಲ್ಲಿ ಈತ ಯಹೂದಿ, ಹೆಸರು ಸ್ಟೈನ್. ಸಿನೆಮಾದಲ್ಲಿ ಗ್ರೀಕ್ ಮೂಲದವನಾಗಿದ್ದಾನೆ) ಆಗಲ್ಲ ಸಾರ್ ಅನ್ನುತ್ತಾನೆ. ತನ್ನ ಹುಡುಗರನ್ನು ಹಾಗೆ ಸಾಯಲು ಕಳಿಸಲ್ಲ ಅನ್ನುತ್ತಾನೆ. ಮೊದಲು ನೋಡುವಾಗ ನಗು ಬಂತು, ನಮ್ಮ ಆಫೀಸಿನ ಮೀಟಿಂಗಿನ ಹಾಗೇ ಇದೆಯಲ್ಲ ಅಂತ. ಮೇಲೆ ಒಬ್ಬ ತಾರೀಖು ಕೊಟ್ಟಾಗಿದೆ, ಕೆಳಗೆ ಒಬ್ಬ ಆಗಲ್ಲ ಅಂತಿದ್ದಾನೆ. ಆಮೇಲೆ ನಾಚಿಕೆಯಾಯಿತು. ನಮ್ಮಲ್ಲಿ ರಿಲೀಸ್ ತಪ್ಪಿದರೆ ಒಂದು ಈಮೇಲ್ ಬರುತ್ತದೆ, ಅಷ್ಟೇ.

ಬಂಕರ್ ಹಿಡಿದ ಮೇಲೆ ಗ್ಯಾಫ್ ನೀರಿನ ಮಾತು ಎತ್ತುತ್ತಾನೆ. ಹುಡುಗರು ಬಾಯಾರಿ ಬೀಳುತ್ತಿದ್ದಾರೆ, ಸಾಯಲೂಬಹುದು ಅನ್ನುತ್ತಾನೆ. ಕರ್ನಲ್‌ಗೆ ಅದು ಕಿವಿಗೇ ಬೀಳುವುದಿಲ್ಲ. ಗುಂಡಿಗೂ ಸಾಯಬಹುದಲ್ಲ ಅನ್ನುವ ಅರ್ಥದ ಉತ್ತರ. ಇದೇನೂ ಕತೆಗಾರನ ಕಲ್ಪನೆಯಲ್ಲ ಅಂತ ಆಗಲೇ ಹೇಳಿದೆನಲ್ಲ, ಆ ಗುಡ್ಡದಲ್ಲಿ ನೀರು ಶತ್ರುವಿನಷ್ಟೇ ದೊಡ್ಡ ಸಮಸ್ಯೆಯಾಗಿತ್ತು.

ಗುಡ್ಡದಾಚೆ ಜಪಾನೀಯರ ಶಿಬಿರಕ್ಕೆ ನುಗ್ಗುವ ದೃಶ್ಯ ಬರುತ್ತದೆ. ಅಷ್ಟು ಹೊತ್ತು ಮುಖವೇ ಕಾಣದಿದ್ದ ಶತ್ರು ಈಗ ಕಾಣುತ್ತಾನೆ. ಎಲುಬಿನ ಹಂದರ. ಒಬ್ಬ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಾನೆ, ಒಬ್ಬ ಹುಚ್ಚನ ಹಾಗೆ ನಡುಗುತ್ತಿದ್ದಾನೆ, ಒಬ್ಬ ಸತ್ತ ಗೆಳೆಯನನ್ನು ತೊಡೆಯ ಮೇಲಿಟ್ಟುಕೊಂಡಿದ್ದಾನೆ. ಅಮೆರಿಕದ ಹುಡುಗನೊಬ್ಬ ಹೆಣಗಳ ಬಾಯಿಂದ ಚಿನ್ನದ ಹಲ್ಲು ಕೀಳುತ್ತಾನೆ. ಆಮೇಲೆ ಮಳೆಯಲ್ಲಿ ಕೂತು ಆ ಹಲ್ಲುಗಳನ್ನು ಎಸೆದು ಅಳುತ್ತಾನೆ. ಹಸಿವಿನ ದ್ವೀಪದ ಬಗ್ಗೆ ಓದಿದವರಿಗೆ ಈ ಶಿಬಿರ ಅತಿರೇಕ ಅನ್ನಿಸುವುದಿಲ್ಲ. ಅಲ್ಲಿಗೆ ಬಂದ ಸುಮಾರು 36,000 ಜಪಾನೀಯರಲ್ಲಿ ಮೂರರಲ್ಲಿ ಎರಡು ಪಾಲು ತಿರುಗಿ ಹೋಗಲಿಲ್ಲ. ಅವರಲ್ಲಿ ಸುಮಾರು 9,000 ಜನ ಸತ್ತದ್ದು ಗುಂಡಿನಿಂದಲ್ಲ, ಹಸಿವು ಮತ್ತು ಕಾಯಿಲೆಯಿಂದ. ಅಮೆರಿಕದ ಕಡೆ ನೆಲ, ಕಡಲು, ಆಕಾಶ ಸೇರಿ ಸುಮಾರು 7,100 ಜನ ಸತ್ತರು.

ಎಲ್ಲಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಒಂದು ತಾರೀಖು. ಗ್ವಾಡಲ್‌ಕನಾಲಿನಿಂದ ಹಿಂದಕ್ಕೆ ಬರಬೇಕು ಅಂತ ಜಪಾನ್ ನಿರ್ಧಾರ ಮಾಡಿ, ಚಕ್ರವರ್ತಿಯ ಒಪ್ಪಿಗೆ ಪಡೆದದ್ದು 1942ರ ಡಿಸೆಂಬರ್ 31ರಂದು. ಕುದುರೆ ಗುಡ್ಡದ ಮೇಲೆ ದಾಳಿ ಶುರುವಾದದ್ದು ಜನವರಿ 10ಕ್ಕೆ. ಅಂದರೆ ಆ ದ್ವೀಪ ಯಾರಿಗೆ ಅನ್ನುವುದು ಟೋಕಿಯೋದಲ್ಲಿ ಹತ್ತು ದಿನ ಮೊದಲೇ ತೀರ್ಮಾನವಾಗಿತ್ತು! ಅಮೆರಿಕದವರಿಗೆ ಇದು ಗೊತ್ತಿರಲಿಲ್ಲ. ಕಡಲಲ್ಲಿ ಹಡಗುಗಳ ಓಡಾಟ ಕಂಡು ಜಪಾನೀಯರು ಹೊಸ ಪಡೆ ತರುತ್ತಿದ್ದಾರೆ ಅಂದುಕೊಂಡರು. ಫೆಬ್ರವರಿ ಮೊದಲ ವಾರದ ಮೂರು ರಾತ್ರಿಗಳಲ್ಲಿ ಜಪಾನಿನ ಹಡಗುಗಳು ಬಂದು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದವು. ಫೆಬ್ರವರಿ 9ಕ್ಕೆ ಅಮೆರಿಕದ ಸೈನ್ಯಕ್ಕೆ ದ್ವೀಪ ಖಾಲಿಯಾಗಿದೆ ಅಂತ ತಿಳಿಯಿತು.

ಹಾಗಂತ ಆ ಗುಡ್ಡದ ಕಾಳಗ ಪೂರ್ತಿ ವ್ಯರ್ಥ ಅನ್ನುವುದು ಸುಲಭದ ಮಾತು, ನಾನು ಅದನ್ನು ಹೇಳುವುದಿಲ್ಲ. ಎದುರಿಗಿದ್ದವರು ಬಂದೂಕು ಕೆಳಗಿಟ್ಟಿರಲಿಲ್ಲ. ಆದರೆ ಹುಲ್ಲಿನಲ್ಲಿ ಮಲಗಿದ್ದ ಎರಡೂ ಕಡೆಯ ಹುಡುಗರಿಗೆ ತಾವು ಇರುವ ಕತೆ ಎಲ್ಲಿಗೆ ಬಂದಿದೆ ಅನ್ನುವುದೇ ಗೊತ್ತಿರಲಿಲ್ಲ. ಸಿನೆಮಾ ಈ ತಾರೀಖುಗಳಲ್ಲಿ ಒಂದನ್ನೂ ಹೇಳುವುದಿಲ್ಲ. ಆದರೆ ಆ ಗೊತ್ತಿಲ್ಲದಿರುವಿಕೆ ಅದರ ಪ್ರತಿ ಚೌಕಟ್ಟಿನಲ್ಲಿದೆ. ನಕಾಶೆ ತೋರಿಸಿದ್ದರೆ ನಮಗೆ ಎಲ್ಲ ಗೊತ್ತಾಗುತ್ತಿತ್ತು, ಅವರಿಗೆ ಗೊತ್ತಿಲ್ಲದ್ದೂ ಗೊತ್ತಾಗುತ್ತಿತ್ತು. ಆಗ ನಾವು ಅವರ ಪಕ್ಕದಲ್ಲಿ ಇರುತ್ತಿರಲಿಲ್ಲ, ವಿಮಾನದಲ್ಲಿ ಕೂತು ಕುದುರೆ ನೋಡುತ್ತಿದ್ದೆವು.

ಧ್ವನಿಗಳ ಬಗ್ಗೆ ಒಂದು ಮಾತು. ಸಿನೆಮಾದ ಮೊದಲಲ್ಲೂ ಕೊನೆಯಲ್ಲೂ ಕೇಳುವ ಆ ಗುನುಗು ನಾಯಕ ವಿಟ್‌ನದ್ದು ಅಂತಲೇ ಎರಡು ಸಲ ನೋಡುವವರೆಗೂ ನಾನು ನಂಬಿದ್ದೆ. ಅದು ಅವನದ್ದಲ್ಲ! ಟ್ರೇನ್ ಅನ್ನುವ ಒಬ್ಬ ಸಾಧಾರಣ ಸಿಪಾಯಿಯದ್ದು. ಅವನು ತೆರೆಯ ಮೇಲೆ ಇರುವುದೇ ಕೆಲವು ನಿಮಿಷ. ಹಡಗಿನಲ್ಲಿ ಹೆದರಿ ಬಡಬಡಿಸುವ ಹುಡುಗ. ಯಾರನ್ನು ನಾವು ಗಮನಿಸಲೇ ಇಲ್ಲವೋ ಅವನೊಳಗೆ ಇಷ್ಟೆಲ್ಲ ಇತ್ತು.

*

ಹೊಗಳಿದ್ದು ಸಾಕು, ಒಂದು ತಕರಾರು. ಸಿನೆಮಾದ ಮೊದಲಲ್ಲಿ ಬರುವ ದ್ವೀಪವಾಸಿಗಳ ಹಳ್ಳಿ ಸ್ವರ್ಗದ ಹಾಗಿದೆ. ಮಕ್ಕಳು ಈಜುತ್ತಾರೆ, ಹಾಡುತ್ತಾರೆ, ಜಗಳವೇ ಇಲ್ಲ. ಮುಂದೆ ವಿಟ್ ವಾಪಸ್ ಬಂದಾಗ ಅಲ್ಲಿ ಕಾಯಿಲೆಯೂ ಇದೆ, ಜಗಳವೂ ಇದೆ, ಮಕ್ಕಳು ಅವನನ್ನು ಕಂಡು ಹಿಂಜರಿಯುತ್ತಾರೆ. ಸ್ವರ್ಗ ಅವನ ಕಣ್ಣಿನಲ್ಲಿತ್ತು ಅಂತ ಮ್ಯಾಲಿಕ್ ಸೂಚಿಸುತ್ತಾನೆ, ಸರಿ. ಆದರೂ ಆ ಜನಕ್ಕೆ ಒಂದು ಹೆಸರಾಗಲಿ, ಗುನುಗುವ ಧ್ವನಿಯಾಗಲಿ ಸಿಗಲಿಲ್ಲ. ಅವರ ಹಾಡು ಮಾತ್ರ ಸಿಕ್ಕಿತು.

ನಿಜ ಇತಿಹಾಸದಲ್ಲಿ ಅವರು ಹಿನ್ನೆಲೆ ಸಂಗೀತವಾಗಿರಲಿಲ್ಲ. ಜೇಕಬ್ ವೌಜಾ ಅನ್ನುವ ನಿವೃತ್ತ ಪೊಲೀಸ್ ಸಾರ್ಜೆಂಟ್ ಮೇಜರ್ 1942ರ ಆಗಸ್ಟಿನಲ್ಲಿ ಜಪಾನೀಯರ ಕೈಗೆ ಸಿಕ್ಕಿಬಿದ್ದರು. ಕಟ್ಟಿಹಾಕಿ, ಬಯೊನೆಟ್ಟಿನಿಂದ ಇರಿದು, ಸತ್ತನೆಂದು ಬಿಟ್ಟುಹೋದರು. ವೌಜಾ ಹಗ್ಗವನ್ನು ಹಲ್ಲಿನಿಂದ ಕಡಿದು, ರಕ್ತ ಸುರಿಸುತ್ತಾ ಅಮೆರಿಕದವರ ನೆಲೆ ತಲುಪಿ ದಾಳಿ ಬರುತ್ತಿದೆ ಅಂತ ಎಚ್ಚರಿಸಿದರು. ಬದುಕಿ ಉಳಿದ ಅವರಿಗೆ 1979ರಲ್ಲಿ ನೈಟ್ ಪದವಿ ಬಂತು. ಸಾವಿರಾರು ದ್ವೀಪವಾಸಿಗಳು ಅಮೆರಿಕದ ಸೈನ್ಯಕ್ಕೆ ಕೂಲಿಗಳಾಗಿ ಸಾಮಾನು ಹೊತ್ತರು. ಅಲ್ಲಿ ತಮ್ಮಂತೆಯೇ ಕಪ್ಪು ಬಣ್ಣದ ಸೈನಿಕರನ್ನು ಕಂಡರು, ಬ್ರಿಟಿಷ್ ಯಜಮಾನರಿಗಿಂತ ಬೇರೆ ರೀತಿ ಮಾತಾಡಿಸುವವರನ್ನೂ ಕಂಡರು. ಆ ಅನುಭವದಿಂದ ಮಲೈಟಾ ದ್ವೀಪದಲ್ಲಿ ‘ಮಾಸಿನಾ ರೂಲು’ ಅನ್ನುವ ಚಳವಳಿ ಹುಟ್ಟಿತು. ಸಾಲೊಮನ್ ದ್ವೀಪಗಳಿಗೆ 1978ರ ಜುಲೈ 7ರಂದು ಸ್ವಾತಂತ್ರ್ಯ ಬಂತು. ರಾಜಧಾನಿ ಹೋನಿಯಾರಾ ಬೆಳೆದದ್ದೇ ಯುದ್ಧಕಾಲದ ಅಮೆರಿಕದ ನೆಲೆಯ ಜಾಗದಲ್ಲಿ.

ಅಲ್ಲಿ ಯುದ್ಧ ಇನ್ನೂ ಮುಗಿದಿಲ್ಲ ಅಂದರೆ ಅದು ಅಲಂಕಾರದ ಮಾತಲ್ಲ. 2021ರ ಮೇ ತಿಂಗಳಲ್ಲಿ ಹೋನಿಯಾರಾದಲ್ಲಿ ಕೆಲವರು ಹಣ ಸಂಗ್ರಹಕ್ಕೆಂದು ಮನೆಯ ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದರು. ಬೆಂಕಿ ಹಾಕಿದ್ದ ನೆಲದ ಕೆಳಗೆ ಎರಡನೇ ಮಹಾಯುದ್ಧದ ಒಂದು ಶೆಲ್ ಹೂತಿತ್ತು. ಅದು ಸಿಡಿದು ಇಬ್ಬರು ತೀರಿಕೊಂಡರು. ಯುದ್ಧ ಮಾಡಿದ ಎರಡೂ ದೇಶಗಳು ಸ್ನೇಹಿತರಾಗಿ ಎಷ್ಟೋ ದಶಕ ಕಳೆದಿತ್ತು. ಗುಡ್ಡದ ಕೆಳಗಿನವರ ಒಲೆಯಡಿ ಮಾತ್ರ ಅದು ಕಾದು ಕೂತಿತ್ತು. ಮ್ಯಾಲಿಕ್‌ನ ಸಿನೆಮಾದಲ್ಲಿ ಇಲ್ಲದ ಈ ಒಂದು ದೃಶ್ಯವನ್ನು ನಾನು ಅದರ ಕೊನೆಗೆ ಸೇರಿಸಿಕೊಂಡು ನೋಡುತ್ತೇನೆ.

*

ಯುದ್ಧದ ನಡುವೆ ಕಾವ್ಯ ಯಾಕೆ ಅಂತ ಕೇಳುವವರಿಗೆ ಕನ್ನಡದವರು ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಿಯುಸಿಯಲ್ಲಿ ಮಾರ್ಕ್ಸಿಗಾಗಿ ಉರು ಹೊಡೆದ ರನ್ನ ನೆನಪಿದ್ದಾನೆಯೇ? ‘ಗದಾಯುದ್ಧ’ ಕಾವ್ಯದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಯಾರು ಗೆದ್ದರು ಅನ್ನುವ ಲೆಕ್ಕ ಆ ಹೊತ್ತಿಗೆ ಯಾರಿಗೆ ಬೇಕು? ಜಪಾನೀ ಶಿಬಿರದ ದೃಶ್ಯ ನೋಡುವಾಗ ನನಗೆ ಆ ಪಾಠ ನೆನಪಾಯಿತು. ಆಗ ಪರೀಕ್ಷೆಗೆ ಬರೆದ ಸಾರಾಂಶ ಈಗ ಅರ್ಥವಾಯಿತು!

ಕಳೆದ ದೀಪಾವಳಿಗೆ ರೂಮ್‌ಮೇಟ್ ರಜೆಗೆ ಬಂದಿದ್ದ. ಊರಿಗೆ ಹೋಗುವ ಮುಂಚೆ ಒಂದು ರಾತ್ರಿ ನನ್ನ ರೂಮಿನಲ್ಲಿ ಉಳಿದ. ಈ ಸಿನೆಮಾ, ಕುದುರೆ ಗುಡ್ಡ, ಡಿಸೆಂಬರ್ 31 ಎಲ್ಲವನ್ನೂ ಅವನಿಗೆ ಒಂದೇ ಉಸಿರಿಗೆ ಹೇಳಿದೆ. ಹಳೇ ಮೆಸೇಜುಗಳಿಗೆ ಸಾರಿ ಕಣೋ ಅಂತಲೂ ಹೇಳಿದೆ. “ಹೋಗ್ಲಿ ಬಿಡೋ, ಎಲ್ರೂ ಕಳಿಸ್ತಾರೆ” ಅಂದ. ಆ ಸಿನೆಮಾ ನಿನಗೆ ಈಗ ಹೇಗನ್ನಿಸುತ್ತೆ ಅಂತ ಕೇಳಿದೆ. ಏನೋ ದೊಡ್ಡ ಮಾತು ಹೇಳುತ್ತಾನೆ ಅಂತ ಕಾದೆ.

“ಪೂರ್ತಿ ನೆನಪಿಲ್ಲ. ನೀರಿನ ಸೀನ್ ಇದೆಯಲ್ಲ, ಅದನ್ನ ಸರಿಯಾಗಿ ತೆಗ್ದಿದಾನೆ” ಅಂದ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಮರುದಿನ ಹನ್ನೊಂದು ಗಂಟೆಯವರೆಗೂ ನಾನು ಎಬ್ಬಿಸಲಿಲ್ಲ.

ನೀವು ಈ ಸಿನೆಮಾ ನೋಡಿಲ್ಲವಾದರೆ ಒಂದು ರಜಾ ದಿನ ಮೂರು ಗಂಟೆ ಬಿಡುವು ಮಾಡಿಕೊಂಡು ನೋಡಿ. ಮೊದಲ ಮುಕ್ಕಾಲು ಗಂಟೆ ಬೇಜಾರಾದರೆ ನನ್ನ ಹಾಗೆ ಎದ್ದು ಹೋಗಬೇಡಿ, ಗುಡ್ಡ ಇನ್ನೂ ಮುಂದಿದೆ.